ಪ್ರೆಸ್ಸು ಮಾಡದ ಗಾಯ

ವಾಸಂತಿ ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಪ್ರತಿ ಮೇಜಿಗೂ ಒಂದು ಕತ್ತರಿ ಇತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಕಾಯಿಲು ಎನ್ನುವ ತಂತಿಸುರುಳಿಗೆ ಬಟ್ಟೆಯ ಟೇಪು ಸುತ್ತಿ, ಸುತ್ತು ಮುಗಿದಲ್ಲಿ ಮುಂದಿನ ಹಲ್ಲಿನಿಂದ ಕಚ್ಚಿ ಹರಿದುಬಿಡುವುದು ಅಲ್ಲಿನ ಹೆಣ್ಣುಮಕ್ಕಳ ರೂಢಿ. ಕತ್ತರಿ ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾಯಿಲು ಅರ್ಧವಾಗಿರುತ್ತದೆ. ವಾಸಂತಿಯ ಹಲ್ಲುಗಳು ಸಣ್ಣವು, ಒತ್ತಾಗಿದ್ದವು, ಅಂಚು ಹರಿತ. "ನಿನ್ನ ಹಲ್ಲಿಗೇ ಬೇರೆ ಹಾಜರಿ ಹಾಕ್ಬೇಕು ಕಣೇ," ಎಂದು ಜೊತೆಯವರು ರೇಗಿಸುತ್ತಿದ್ದರು. ಅವಳು ನಗುತ್ತಿದ್ದಳು. ನಗುವುದಕ್ಕೆ ಅವಳಿಗೆ ದೊಡ್ಡ ಕಾರಣ ಬೇಕಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದಲ್ಲಿ ರಾಗಿ ಹೊಲದ ಬದುಗಳು ಇನ್ನೂ ಪೂರ್ತಿ ಅಳಿಸಿರಲಿಲ್ಲ. ಶೆಡ್ಡುಗಳ ನಡುವೆ ಹೊಂಗೆ ಮರಗಳಿದ್ದವು. ಅವುಗಳ ಹೂವಿನ ಮೇಲೆ ಸಾಣೆ ಯಂತ್ರದ ಪುಡಿ ಕೂತಿರುತ್ತಿತ್ತು. ಪಕ್ಕದ ದಾಸರಹಳ್ಳಿಯಲ್ಲಿ ರಾಮಮ್ಮನ ವಠಾರ. ರಾಮಮ್ಮನ ಮನೆಯವರ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಉಳಿದ ತುಂಡಿನಲ್ಲಿ ಅವರು ಶೀಟಿನ ಮನೆಗಳ ಸಾಲು ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲೊಂದರಲ್ಲಿ ನಾನು ಅಕ್ಕ ಭಾವನ ಜೊತೆ ಇದ್ದೆ. ನಮ್ಮ ಗೋಡೆಯ ಆಚೆ ವಾಸಂತಿ, ಅವಳ ಗಂಡ ರಾಮಪ್ರಸಾದ, ಅತ್ತೆ ಸುಬ್ಬಲಕ್ಷ್ಮಮ್ಮ.

ಸುಬ್ಬಲಕ್ಷ್ಮಮ್ಮನವರ ಯಜಮಾನರು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಅವರನ್ನು ಕರೆದೊಯ್ಯಲು ಕಾರ್ಖಾನೆಯ ಬಸ್ಸು ಕ್ರಾಸಿನವರೆಗೆ ಬರುತ್ತಿತ್ತಂತೆ. ಕೆಲಸದಲ್ಲಿರುವಾಗಲೇ ತೀರಿಕೊಂಡರು. ಆ ಕೆಲಸ ಮಗನಿಗೆ ಬರುತ್ತದೆ ಎಂದು ತಾಯಿ ಮಗ ಇಬ್ಬರೂ ನಂಬಿ ಕೂತರು. ಬಂಧುಗಳ ಮಕ್ಕಳಿಗೆಲ್ಲ ಬಂತು, ರಾಮಪ್ರಸಾದನಿಗೆ ಬರಲಿಲ್ಲ. ಕೊನೆಗೆ ಅವನು ಪೀಣ್ಯದ ಒಂದು ಖಾಸಗಿ ಪ್ರೆಸ್ ಶಾಪಿಗೆ ಸೇರಿದ. ತಗಡು ಒತ್ತುವ ಯಂತ್ರಗಳಿಗೆ ಅಚ್ಚು ಕೂರಿಸುವ ಕೆಲಸ. ಕೈ ಒಳ್ಳೆಯದಿತ್ತು. ಅಚ್ಚಿನ ಅಂಚಿನ ಮೇಲೆ ಬಲಗೈ ಬೆರಳು ಆಡಿಸಿಯೇ ಎಲ್ಲಿ ಎಷ್ಟು ಎಡೆಯಿದೆ ಎಂದು ಹೇಳುತ್ತಿದ್ದ. ಆದರೆ ಆ ಕೈಯನ್ನು ಯಾರಾದರೂ ಹೊಗಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಇಂಥ ಕೈ ಇಂಥ ಜಾಗದಲ್ಲಿದೆಯಲ್ಲ ಎಂದು ಹಂಗಿಸಿದ ಹಾಗೆ ಕೇಳಿಸುತ್ತಿತ್ತೇನೋ.

ಅವನ ಕಾರ್ಖಾನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಭಾನುವಾರ ಎಲ್ಲೇ ಗಾಯವಾಗಲಿ, ಸೋಮವಾರ ಅದನ್ನು ಪ್ರೆಸ್ಸಿಗೆ ಒಪ್ಪಿಸುವುದು. ಸೈಕಲ್ಲಿನಿಂದ ಬಿದ್ದು ಬೆರಳು ಮುರಿದುಕೊಂಡವನು ನೋವು ನುಂಗಿಕೊಂಡು ಗೇಟು ದಾಟಿ ಬಂದು, ಸೈರನ್ ಆದಮೇಲೆ ನಾಲ್ಕನೇ ನಂಬರಿನ ಪ್ರೆಸ್ಸಿನ ಪಕ್ಕ ನಿಂತು 'ಅಯ್ಯಪ್ಪಾ' ಎನ್ನುತ್ತಿದ್ದ. ದೀಪಾವಳಿಯ ಪಟಾಕಿಯಲ್ಲಿ ಸುಟ್ಟ ಅಂಗೈ ಬಿಸಿ ಎಣ್ಣೆಯ ತೊಟ್ಟಿಯಲ್ಲಿ ಸುಟ್ಟ ಅಂಗೈ ಆಗುತ್ತಿತ್ತು. ಕೆಲಸದಲ್ಲಾದ ಗಾಯಕ್ಕೆ ಸಂಬಳದ ರಜೆ ಉಂಟು, ಮನೆಯಲ್ಲಾದ ಗಾಯಕ್ಕೆ ಇಲ್ಲ. ನಾಲ್ಕನೇ ನಂಬರು ನಿಜವಾಗಿಯೂ ಎಷ್ಟೋ ಬೆರಳು ತಿಂದಿತ್ತು. ತಿನ್ನದ ಕೆಲವನ್ನು ಅದರ ತಲೆಗೆ ಕಟ್ಟಿದರೆ ತಪ್ಪೇನು ಎಂಬುದು ಕೆಲಸಗಾರರ ನ್ಯಾಯ.

ಈ ನ್ಯಾಯವನ್ನು ನಡೆಸುತ್ತಿದ್ದವನು ದಾಸಪ್ಪ. ಉಗ್ರಾಣ ನೋಡಿಕೊಳ್ಳುವವನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಗಾಯ ತೊಳೆದು ಕೆಂಪು ಔಷಧಿ ಹಚ್ಚುತ್ತ, ಪ್ರೆಸ್ಸು ಹೇಗೆ ಇಳಿಯಿತು, ಕೈ ಎಲ್ಲಿತ್ತು ಎಂದು ಅವನೇ ಕಥೆ ಕಟ್ಟಿಕೊಡುತ್ತಿದ್ದ. ಆಡಳಿತದವರು ಅವನ ಮಾತು ನಂಬುತ್ತಿದ್ದರು. ನಾಯಿ ಕಚ್ಚಿದ್ದನ್ನು ಮಾತ್ರ ಯಾವ ಯಂತ್ರಕ್ಕೂ ಹೊಂದಿಸಲು ಆಗುತ್ತಿರಲಿಲ್ಲ. ಅದು ಅವನಿಗೇ ಒಂದು ಕೊರಗು.

ಆ ಭಾನುವಾರ ರಾಮಪ್ರಸಾದ ತಾಯಿಯ ಕಡೆಯವರ ಗೃಹಪ್ರವೇಶಕ್ಕೆ ಹೋಗಿದ್ದ. ಊಟದ ಪಂಕ್ತಿಯಲ್ಲಿ ಸರ್ಕಾರಿ ಕಾರ್ಖಾನೆಯ ಬಂಧುವೊಬ್ಬ, "ಏನಯ್ಯ, ನಿನ್ನ ಹೆಂಡ್ತಿ ಆರು ಮೇಜಿನ ಮೇಲ್ವಿಚಾರಕಿ ಅಂತೆ? ನಿನ್ನನ್ನೂ ಅಲ್ಲೇ ಸೇರಿಸ್ಕೊಳ್ಳೋಕೆ ಹೇಳು," ಎಂದನಂತೆ. ಮಾತು ನಿಜ, ವಾಸಂತಿಗೆ ಆರು ಮೇಜಿನ ಉಸ್ತುವಾರಿ ಹೊಸದಾಗಿ ಸಿಕ್ಕಿತ್ತು. ಅವನು ಮನೆಗೆ ಬಂದು, ಬಟ್ಟೆ ಬದಲಿಸಿ, ಕೋಣೆಯಿಂದ ಹೊರಗೆ ಬಂದವನೇ ಹೇಳಿದ:

"ನಾಳೆಯಿಂದ ನೀನು ಕೆಲಸಕ್ಕೆ ಹೋಗೋದು ಬೇಡ. ಈ ಮನೇಲಿ ಯಜಮಾನ ನಾನು. ತಿಳ್ಕೋ."

ಹೇಳುತ್ತ ಬೆಂಕಿಪೊಟ್ಟಣ ಇಡಲು ಜೇಬಿಗೆ ಕೈ ಒಯ್ದ. ಜೇಬು ಸಿಗಲಿಲ್ಲ. ಕೈ ಎದೆಯ ಮೇಲೆ ಮತ್ತೆ ಮತ್ತೆ ಜಾರಿತು.

"ಅಂಗಿ ಉಲ್ಟಾ ಹಾಕ್ಕೊಂಡಿದ್ದೀರ ಯಜಮಾನ್ರೇ," ಎಂದು ವಾಸಂತಿ ನಕ್ಕಳು.

ಅವಳ ಬಾಯಿ ಇನ್ನೂ ತೆರೆದಿರುವಾಗಲೇ ಮುಷ್ಟಿ ಬಂತು. ಮೊದಲೂ ಅವನು ಕೈ ಎತ್ತಿದ್ದುಂಟು, ಅಂಗೈಯಿಂದ. ಮುಷ್ಟಿ ಅದೇ ಮೊದಲು. ಗೋಡೆಯ ಈಚೆ ನಮಗೆ ನಗು ಕೇಳಿಸಿತು, ಆಮೇಲೆ ಅದು ನಿಂತದ್ದು ಕೇಳಿಸಿತು.

ಮೇಲಿನ ಮುಂದಿನ ಹಲ್ಲೊಂದು ಓರೆಯಾಗಿ ಮುರಿದು ಹೋಗಿತ್ತು. ಮುರಿದ ಚೂರು ನೆಲದಲ್ಲಿ ಸಿಗಲಿಲ್ಲ. ಯಾರೂ ಹೆಚ್ಚು ಹುಡುಕಲೂ ಇಲ್ಲ. ರಾಮಪ್ರಸಾದನ ನಡುಬೆರಳಿನ ಬುಡದ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಒಂದು ಕಚ್ಚು ಬಿದ್ದಿತ್ತು. ಅದನ್ನು ಅವನು ಬಚ್ಚಲಲ್ಲಿ ತೊಳೆದುಕೊಂಡು ಮರೆತ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ವಾಸಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ರಾಮಮ್ಮ ಕೊಡ ಇಳಿಸಿ ಅವಳ ಮುಖ ನೋಡಿದರು.

"ಏನವ್ವಾ, ಕೆನ್ನೆ ಇಂಗ್ ಊದ್ಕಂಡದೆ?"

"ಬಚ್ಚಲಲ್ಲಿ ಜಾರಿಬಿಟ್ಟೆ ರಾಮಮ್ಮ."

"ನಮ್ಮನೇಲೂ ಅಂಥ ಬಚ್ಚಲು ಇತ್ತು ಕಣವ್ವ. ನಮ್ಮ ಯಜಮಾನ ಸತ್ತ ಮ್ಯಾಲೆ ಯಾರೂ ಜಾರ್ನಿಲ್ಲ."

ಸುತ್ತ ನಿಂತವರು ನಕ್ಕರು. ವಾಸಂತಿ ನಗಲು ಹೋದಳು. ದವಡೆ ಅಲ್ಲೇ ಹಿಡಿದುಕೊಂಡಿತು. ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಬೇರೆ ಕಾರಣಕ್ಕೆ ಬಂತೆಂದು ತಿಳಿದರು.

ಅತ್ತ ಕಾರ್ಖಾನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ರಾಮಪ್ರಸಾದನ ಕೈ ಕಾವು ಬಂದು ದಪ್ಪವಾಗಿತ್ತು. ಸ್ಪ್ಯಾನರ್ ಹಿಡಿಯಲಾಗದೆ ಉಗ್ರಾಣಕ್ಕೆ ಹೋದ. ದಾಸಪ್ಪ ಕೈ ತಿರುಗಿಸಿ ನೋಡಿದ.

"ದಾಸಪ್ಪ, ನಿನ್ನೆ ಮನೇಲಿ..." ಎಂದು ರಾಮಪ್ರಸಾದ ಶುರು ಮಾಡಿದ.

"ಎಲ್ಲಾಯ್ತು ಅನ್ನೋದು ನಂಗ್ ಬೇಡ ಗುರು," ಎಂದ ದಾಸಪ್ಪ. "ಎಷ್ಟೊತ್ತಿಗೆ ಆಗ್ಬೇಕು, ಅದ್ ಹೇಳು."

"ಈಗ ಒಂದು ಗಂಟೆ ಹಿಂದೆ."

"ಸರಿ. ನಾಲ್ಕನೇ ನಂಬರು. ಅಚ್ಚು ಬಿಚ್ಚುವಾಗ ತಗಡಿನ ಅಂಚು ಗೀರ್ತು. ಡಾಕ್ಟ್ರತ್ರಾನೂ ಇದನ್ನೇ ಹೇಳು. ಬೇರೆ ಬೇರೆ ಹೇಳಿ ನನ್ ಮರ್ಯಾದೆ ತೆಗೀಬೇಡ."

ಪಕ್ಕದ ಬೀದಿಯ ಡಾಕ್ಟರಿಗೂ ಅದನ್ನೇ ಹೇಳಿದ. ತಗಡಿನ ಗಾಯವೆಂದರೆ ನೇರ ಕೊಯ್ತ. ತೊಳೆದು ಹೊಲಿದರೆ ಬೇಗ ಕೂಡುತ್ತದೆ. ಡಾಕ್ಟರು ತೊಳೆದರು, ಹೊಲಿದರು, ಧನುರ್ವಾಯುವಿನ ಸೂಜಿ ಚುಚ್ಚಿದರು. ತಮಗೆ ಹೇಳಿದ ಗಾಯಕ್ಕೆ ಏನು ಸರಿಯೋ ಅದನ್ನೇ ಮಾಡಿದರು. ಆದರೆ ಆ ಹೊಲಿಗೆಯ ಒಳಗೆ ಒಂದು ಬಾಯಿಯ ಎಂಜಲು ಸೇರಿಹೋಗಿತ್ತು.

ಎರಡು ದಿನದಲ್ಲಿ ಕೈ ಬನ್ನಿನ ಹಾಗೆ ಉಬ್ಬಿತು. ಬೆರಳುಗಳು ಅರ್ಧ ಮಡಚಿ ಹಾಗೇ ನಿಂತವು, ಬಿಡಿಸಹೋದರೆ ಚೀರುತ್ತಿದ್ದ. ಗೆಣ್ಣಿನಿಂದ ಹೊರಟ ಕೆಂಪು ಗೆರೆ ಮೊಣಕೈ ಮುಟ್ಟಿತು. ಜ್ವರದಲ್ಲಿ ಮಾತು ತಪ್ಪತೊಡಗಿದಾಗ ರಾಮಮ್ಮನೇ ಆಟೋ ಹಿಡಿದು ತಂದರು. ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ ಕೂತು ಅವನನ್ನು ಊರೊಳಗಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಅವನನ್ನು ನೋಡಿದವರು ಡಾಕ್ಟರ್ ಹನುಮಂತರಾಯಪ್ಪ. ತಲೆ ನರೆತವರು, ಮಾತು ಕಡಿಮೆ. ಹೊಲಿಗೆ ಬಿಚ್ಚಿದ ಕೂಡಲೆ ಬಂದ ವಾಸನೆಗೆ ಪಕ್ಕದ ಮಂಚದವರು ಮುಖ ತಿರುಗಿಸಿದರು.

"ಹೇಗಾಯ್ತು?"

"ತಗಡು ಸಾರ್. ಪ್ರೆಸ್ಸಲ್ಲಿ."

ಡಾಕ್ಟರು ತಮ್ಮ ಕೈಯನ್ನೇ ಚಾಚಿ ತೋರಿಸಿದರು. "ನೋಡಿ, ಬೆರಳು ಬಿಡಿಸಿದ್ರೆ ನಿಮ್ಮ ಗಾಯ ಇಲ್ಲಿ, ಕೈಯ ಹಿಂದಕ್ಕೆ ಸರಿದಿರತ್ತೆ. ಮುಷ್ಟಿ ಕಟ್ಟಿದ್ರೆ ನೆಟ್ಟಗೆ ಗೆಣ್ಣಿನ ನೆತ್ತಿ ಮೇಲೆ ಬರತ್ತೆ. ತಗಡು ಹಿಡಿಯೋರು ಮುಷ್ಟಿ ಕಟ್ಕೊಂಡು ಹಿಡೀತಾರಾ?"

ರಾಮಪ್ರಸಾದ ಕೈಯನ್ನು ಎದೆಗೆ ಎಳೆದುಕೊಂಡ. ಡಾಕ್ಟರು ಆಗಲೇ ತೆಗೆಸಿದ್ದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಎಕ್ಸ್‌ರೇಲಿ ಗೆಣ್ಣಿನೊಳಗೆ ಬಿಳೀ ಚುಕ್ಕೆ ಕಾಣ್ತಿದೆ. ಯಾರ ಹಲ್ಲು?"

"ಹಲ್ಲಾ? ಅದು ತಗಡಿನ ಚೂರಿರಬೇಕು ಸಾರ್. ಇಂಜೆಕ್ಷನ್ ಕೊಡಿ, ಸಾಕು. ಆಪರೇಷನ್ ಗೀಪರೇಷನ್ ನಂಗೆ ಬೇಡ. ಕೈ ಮೇಲೆ ಹೊಟ್ಟೆ ಹೊರೆಯೋನು ನಾನು."

"ಅದಕ್ಕೇ ಹೇಳ್ತಿರೋದು. ನನಗೆ ಅನುಮಾನ ಇಲ್ಲ, ಗೆಣ್ಣು ಬಿಚ್ಚಿ ತೊಳೀಬೇಕು, ಇವತ್ತೇ. ನೀವು ಒಪ್ಪದೆ ನಾನು ಚಾಕು ಹಾಕೋ ಹಾಗಿಲ್ಲ. ನಾಳೆ ನಾಳಿದ್ದು ಅಂದ್ರೆ ಬೆರಳಲ್ಲ, ಮಣಿಕಟ್ಟಿನ ಮಾತಾಡ್ಬೇಕಾಗತ್ತೆ."

"ನಮ್ಮ ಹುಡುಗ ಸುಳ್ಳು ಹೇಳಲ್ಲ ಡಾಕ್ಟ್ರೇ," ಎಂದರು ಸುಬ್ಬಲಕ್ಷ್ಮಮ್ಮ. "ಪ್ರೆಸ್ಸೇ ಕೊಯ್ದದ್ದು. ಕಾರ್ಖಾನೇಲಿ ಎಲ್ಲರಿಗೂ ಗೊತ್ತು."

ಆಗ ಡಾಕ್ಟರ ಕಣ್ಣು ಹಿಂದೆ ನಿಂತಿದ್ದ ವಾಸಂತಿಯ ಕಡೆ ಹೋಯಿತು. ಸೆರಗು ಇನ್ನೂ ಬಾಯಿಯ ಮೇಲೇ ಇತ್ತು.

"ಅಮ್ಮಾ, ನಿಮ್ಮ ಬಾಯಿಗೆ ಏನಾಗಿದೆ?"

"ಬಚ್ಚಲಲ್ಲಿ ಬಿದ್ದಳು," ಎಂದರು ಅತ್ತೆ.

"ಅವರನ್ನ ಕೇಳ್ತಿದ್ದೀನಿ. ಇಲ್ಲಿ ಬನ್ನಿ. ಹಲ್ಲು ಕಚ್ಚಿ ಹಿಡೀರಿ. ಮೇಲಿನದು ಕೆಳಗಿನದು ಮೊದಲಿನ ಹಾಗೆ ಕೂಡ್ತಾ ಇದೆಯಾ?"

ವಾಸಂತಿ ತಲೆ ಅಲ್ಲಾಡಿಸಿದಳು. ಕೂಡುತ್ತಿರಲಿಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಸಂದು. ಡಾಕ್ಟರು ಅವಳ ಕೆಳತುಟಿಯ ಮೇಲೆ ಹತ್ತಿಯ ಎಳೆ ಆಡಿಸಿದರು. ಒಂದು ಬದಿ ಅವಳಿಗೆ ಏನೂ ತಿಳಿಯಲಿಲ್ಲ. ಚಪ್ಪಟೆ ಕಡ್ಡಿಯೊಂದನ್ನು ಹಲ್ಲಿನ ನಡುವೆ ಇಟ್ಟು, ಕಚ್ಚಿಕೊಳ್ಳಿ ಎಂದು ಮೆಲ್ಲನೆ ತಿರುವಿದರು. ಅವಳಿಗೆ ಹಿಡಿಯಲಾಗಲಿಲ್ಲ.

"ದವಡೆ ಮುರಿದಿದೆ," ಎಂದರು ಡಾಕ್ಟರು. "ಇಷ್ಟು ದಿನ ಏನು ತಿಂತಿದ್ರಿ?"

"ಗಂಜಿ."

"ಮನೇಲಿ ಯಾರೂ ಕೇಳ್ಲಿಲ್ವಾ?"

"ಊದಿದ್ದು ಇಳಿಯತ್ತೆ ಅಂದ್ಕೊಂಡ್ವಿ," ಎಂದರು ಸುಬ್ಬಲಕ್ಷ್ಮಮ್ಮ. "ಇವನ ಕೈ ನೋಡೋದೇ ಆಯ್ತಲ್ಲ."

ಡಾಕ್ಟರು ಮತ್ತೇನೂ ಕೇಳದೆ ಅವಳ ಮುರಿದ ಹಲ್ಲನ್ನು ನೋಡಿದರು, ಗಂಡನ ಗೆಣ್ಣನ್ನು ನೋಡಿದರು. ಹೇಳಬೇಕಾದದ್ದನ್ನು ಅವಳೇ ಹೇಳಲಿ ಎಂದು ಕಾದರು.

ಆ ಹೊತ್ತಿನ ಬಗ್ಗೆ ವಾಸಂತಿ ಬಹಳ ದಿನದ ಮೇಲೆ ನನಗೆ ಹೇಳಿದ್ದಳು. "ಹೋಗ್ಲಿ ಆ ಕೈ ಅಂತ ಒಂದು ಗಳಿಗೆ ಅನ್ನಿಸ್ತು ಕಣೇ. ಆಮೇಲೆ ಯೋಚನೆ ಬಂತು. ಕೈ ಇಲ್ಲದ ಗಂಡಸಿಗೆ ಮೂರು ಹೊತ್ತು ಅನ್ನ ಕಲಸಿ ಕೊಡೋಳು ಯಾರು? ನಾನೇ ಅಲ್ವಾ?" ಇದನ್ನು ಹೇಳಿ ಅವಳು ನನ್ನ ಮುಖ ನೋಡಲಿಲ್ಲ. ಅದಷ್ಟೇ ಕಾರಣವಾಗಿರಲಿಲ್ಲ ಎಂದು ನನಗೆ ಅನ್ನಿಸಿತು. ಅಚ್ಚಿನ ಮೇಲೆ ಓಡಾಡುವ ಆ ಬೆರಳುಗಳನ್ನು ಮದುವೆಯ ಹೊಸತರಲ್ಲಿ ಅವಳು ಕಾರ್ಖಾನೆಗೆ ಹೋಗಿ ನೋಡಿ ಬಂದಿದ್ದಳು, ವಠಾರಕ್ಕೆಲ್ಲ ಹೇಳಿಕೊಂಡಿದ್ದಳು.

ಅವಳು ಸೆರಗು ತೆಗೆದಳು. ತುಟಿ ಮರಗಟ್ಟಿದ್ದರಿಂದ ಮಾತು ನಿಧಾನವಾಗಿ ಬಂತು.

"ಅದು ನನ್ನ ಹಲ್ಲು ಡಾಕ್ಟ್ರೇ. ಭಾನುವಾರ ಅವರು ಹೊಡೆದ್ರು. ಪ್ರೆಸ್ಸಲ್ಲ."

"ಬಾಯ್ಮುಚ್ಚೇ!" ಎಂದರು ಸುಬ್ಬಲಕ್ಷ್ಮಮ್ಮ.

"ನಿಮ್ಮ ಮಗನ ಕೈ ಉಳಿದ್ರೆ ಆ ಬಾಯಿಂದ್ಲೇ ಉಳಿಯೋದು," ಎಂದು ಡಾಕ್ಟರು ಎದ್ದರು. "ಏನ್ರೀ, ಈಗಲಾದ್ರೂ ಒಪ್ತೀರಾ?"

ರಾಮಪ್ರಸಾದ ಗೋಡೆಯ ಕಡೆ ಮುಖ ಮಾಡಿ ಹೂಂಗುಟ್ಟಿದ.

ಅಂದೇ ಗೆಣ್ಣು ಬಿಚ್ಚಿದರು. ಕೀವಿನ ನಡುವೆ ಹಲ್ಲಿನ ಚೂರು ಸಿಕ್ಕಿತು. ಗಾಯವನ್ನು ಹೊಲಿಯದೆ ತೆರೆದೇ ಇಟ್ಟು, ದಿನವೂ ತೊಳೆದು, ಕೈಯನ್ನು ಎತ್ತಿ ಕಂಬಿಗೆ ತೂಗುಹಾಕಿದರು. ಜ್ವರ ಇಳಿಯಿತು. ಬೆರಳು ಉಳಿಯಿತು.

ಹೆಂಗಸರ ವಾರ್ಡಿನಲ್ಲಿ ವಾಸಂತಿಯ ಮೇಲಿನ ಹಲ್ಲಿನ ಸಾಲಿಗೂ ಕೆಳಗಿನ ಸಾಲಿಗೂ ತಂತಿ ಬಿಗಿದು ಒಂದಕ್ಕೊಂದು ಕಟ್ಟಿದರು. ದವಡೆ ಕೂಡಬೇಕಾದರೆ ಒಂದೂವರೆ ತಿಂಗಳು ಬಾಯಿ ತೆರೆಯುವ ಹಾಗಿಲ್ಲ. ಹಲ್ಲಿನ ಹಿಂದಿನ ಸಂದಿಯಿಂದ ಗಂಜಿ, ಹಾಲು, ಸಾರಿನ ತಿಳಿ ಹೀರಬೇಕು. ಮನೆಗೆ ಕಳಿಸುವಾಗ ನರ್ಸಮ್ಮ ಅವಳ ಕೈಗೆ ಒಂದು ಚಿಕ್ಕ ಕಟ್ಟರ್ ಕೊಟ್ಟು, "ವಾಂತಿ ಬಂದ್ರೆ ಉಸಿರು ಕಟ್ಟತ್ತೆ, ಆಗ ಮಾತ್ರ ತಂತಿ ಕತ್ತರಿಸಿ. ಸುಮ್ಮಸುಮ್ಮನೆ ಕತ್ತರಿಸಿದ್ರೆ ಎಲ್ಲ ಮೊದಲಿಂದ ಶುರು," ಎಂದು ಹೇಳಿದರು. ವಾಸಂತಿ ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಹೀಗೆ ಅವಳು ಬಾಯಿ ಕಟ್ಟಿಸಿಕೊಂಡು ವಠಾರಕ್ಕೆ ಬರುವ ಹೊತ್ತಿಗೆ, ನಡೆದದ್ದರ ಕಥೆ ಅವಳಿಗಿಂತ ಮೊದಲೇ ಬಂದು ಕೂತಿತ್ತು.

"ಡಾಕ್ಟ್ರೇ ಬಾಯಿಬಿಟ್ಟು ಹೇಳಿದ್ರು, ಮನುಷ್ಯರ ಹಲ್ಲಿನ ಗಾಯ ಅಂತ," ಎಂದು ಸುಬ್ಬಲಕ್ಷ್ಮಮ್ಮ ನಲ್ಲಿಯ ಹತ್ತಿರ ಹೇಳುತ್ತಿದ್ದರು. "ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ ಸೂಜಿ ಹಾಕಿ ಬಿಡ್ತಾರೆ. ಹೆಂಡ್ತಿ ಕಚ್ಚಿದ್ರೆ ಕೈಯನ್ನೇ ಕೊಯ್ಯೋದು, ನೋಡಿ."

"ಅಲ್ಲ ಕಣಮ್ಮೋ," ಎಂದರು ರಾಮಮ್ಮ, "ಅವಳೇ ಕಚ್ಚಿದ್ರೆ ಅವಳ್ ಹಲ್ಲು ಎಂಗ್ ಮುರೀತು?"

"ಅಷ್ಟು ಜೋರಾಗಿ ಕಚ್ಚಿದ್ದಾಳೆ!"

ರಾಮಮ್ಮ ಕೊಡ ಎತ್ತಿಕೊಂಡು ಹೊರಟರು. ದವಡೆ ಮುರಿದದ್ದನ್ನು ಕೇಳಿದವರಿಗೆ ಬಚ್ಚಲು ಇದ್ದೇ ಇತ್ತು. ರಾಮಪ್ರಸಾದ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕೈ ಎದೆಗೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದ. ಕಚ್ಚಿಸಿಕೊಂಡವನಿಗೆ ಜನ ಬಾಳೆಹಣ್ಣು ತಂದುಕೊಡುತ್ತಿದ್ದರು.

ಕಾರ್ಖಾನೆಗೆ ಆಸ್ಪತ್ರೆಯಿಂದ ಇದು ಕೆಲಸದ ಗಾಯವಲ್ಲ ಎಂಬ ಸಂಗತಿ ತಲುಪಿತು. ಆಡಳಿತದವರು ದಾಸಪ್ಪನ ಸೊಂಟದಿಂದ ಬೀಗದ ಕೈ ಬಿಚ್ಚಿಸಿಕೊಂಡು, ಅವನನ್ನು ಗೇಟಿನ ಕಾವಲಿಗೆ ಹಾಕಿದರು. ಅವನು ಒಂದು ದಿನ ರಾಮಪ್ರಸಾದನನ್ನು ನೋಡಲು ಬಂದ. ಕಾಫಿ ಕುಡಿದು ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ವಾಸಂತಿಗೆ ಹೇಳಿದ:

"ನೀವ್ ಹೇಳಿದ್ದು ತಪ್ಪು ಅನ್ನಲ್ಲ ಅಕ್ಕ. ಕೈ ಉಳೀತಲ್ಲ. ಆದ್ರೆ ಇನ್ಮೇಲೆ ಆ ಪ್ರೆಸ್ಸಿಗೆ ಯಾವ ಪಾಪಾನೂ ಅಂಟಲ್ಲ."

ಅವನ ಮಾತು ಬಹಳ ಬೇಗ ನಿಜವಾಯಿತು. ಅದೇ ತಿಂಗಳು ನಾಲ್ಕನೇ ನಂಬರಿನ ಪ್ರೆಸ್ಸು ಚಿಕ್ಕಮುನಿಯಪ್ಪನ ತೋರುಬೆರಳಿನ ತುದಿಯನ್ನು ಜಜ್ಜಿ ಹಾಕಿತು. ಹಗಲು ಹೊತ್ತು, ಎಲ್ಲರ ಕಣ್ಣೆದುರಿಗೆ. ರಕ್ತ ಸೋರುವ ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಆಫೀಸಿಗೆ ಹೋದರೆ, ಅಲ್ಲಿ ಕೂತವರು, "ಏನಪ್ಪಾ, ನಿಂಗೂ ಹೆಂಡ್ತಿ ಕಚ್ಚಿದ್ಲಾ?" ಎಂದರು. ಕಂಡವರು ಬಂದು ಹೇಳಿದರು. ನಿಮ್ಮ ಸಾಕ್ಷಿಯೆಲ್ಲ ದಾಸಪ್ಪನ ಸಾಕ್ಷಿಯೇ ಎಂದು ಅವರನ್ನೂ ಕಳಿಸಿದರು. ಚಿಕ್ಕಮುನಿಯಪ್ಪ ಸಂಬಳವಿಲ್ಲದೆ ಮನೆಯಲ್ಲಿ ಕೂತ.

ಅವನ ಹೆಂಡತಿ ಅನುಸೂಯಮ್ಮ ವಾಸಂತಿಯ ಬಾಗಿಲಿಗೇ ಬಂದಳು.

"ಏನಮ್ಮಾ ಮಾರಾಯ್ತಿ! ನಿನ್ ಗಂಡನ ಕೈ ನಿಂಗೆ ಸಿಕ್ತು. ನನ್ ಗಂಡನ ಬೆರಳಿಗೆ ಯಾರ್ ದಿಕ್ಕು? ಗಂಡ ಹೆಂಡ್ತಿ ಜಗಳ ಯಾವ ಮನೇಲಿಲ್ಲ? ನಾವೆಲ್ಲ ಏಟು ತಿಂದು ಸುಮ್ನಿಲ್ವಾ? ನೀನೊಬ್ಳು ಕಚ್ಚೋಕೋಗಿ, ಆಮ್ಯಾಕೆ ಡಾಕ್ಟ್ರ ಮುಂದೆ ದೊಡ್ಡ ಸತ್ಯವಂತೆ ಆದ್ಯಲ್ಲ! ಮಾತಾಡು! ಈಗ್ಯಾಕೆ ಹಲ್ಲು ಕಚ್ಕೊಂಡ್ ನಿಂತಿದ್ದೀಯ?"

ವಠಾರದವರೆಲ್ಲ ಹೊಸಲಿಗೆ ಬಂದು ನಿಂತಿದ್ದರು. ವಾಸಂತಿಯ ಗಂಟಲಿನಿಂದ ಒಂದು ಸದ್ದು ಬಂತು. ಮಾತಾಗಲಿಲ್ಲ. ಅವಳು ಕೊರಳಿನ ಕಟ್ಟರನ್ನು ಕೈಗೆ ತೆಗೆದುಕೊಂಡಳು, ತುಟಿ ಸರಿಸಿ ಒಂದು ತಂತಿಗೆ ಅದರ ಬಾಯಿ ತಾಗಿಸಿದಳು. ನಾನು ಎದುರಿಗೇ ಇದ್ದೆ. ಅವಳ ಹೆಬ್ಬೆರಳು ಬಿಳಿಚಿಕೊಂಡಿತ್ತು. ಕತ್ತರಿಸಿದ್ದರೆ ಮಾತು ಬರುತ್ತಿತ್ತು. ದವಡೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಕೇಳಲು ನಿಂತಿದ್ದ ಮುಖಗಳನ್ನೆಲ್ಲ ಅವಳು ಒಂದೊಂದಾಗಿ ನೋಡಿದಳು. ಆಮೇಲೆ ಕಟ್ಟರನ್ನು ಎದೆಯ ಮೇಲೆ ಇಳಿಯಬಿಟ್ಟು ಒಳಗೆ ಹೋದಳು.

"ನೋಡಿದ್ರಾ," ಎಂದಳು ಅನುಸೂಯಮ್ಮ. "ಉತ್ರ ಇಲ್ಲ."

ತಂತಿ ಬಿಚ್ಚಿದ ದಿನ ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು. ಅವನ ಕೈಯನ್ನೂ ನೋಡಿಸಬೇಕಿತ್ತು. ದವಡೆ ಕೂಡಿತ್ತು, ಎಲ್ಲೋ ಒಂದು ಎಳೆಯಷ್ಟು ಓರೆ. ಆದರೆ ಇಷ್ಟು ದಿನ ಮುಚ್ಚಿದ್ದ ಬಾಯಿ ತೆರೆಯಲು ಒಪ್ಪಲಿಲ್ಲ. ಕಿರುಬೆರಳು ತೂರುವಷ್ಟೇ ಸಂದು. ಅವನ ಗಾಯವೂ ಮಾಗಿತ್ತು, ಬೆರಳು ಮಡಚುತ್ತಿರಲಿಲ್ಲ. ಇಬ್ಬರನ್ನೂ ವ್ಯಾಯಾಮ ಹೇಳಿಕೊಡುವ ಹುಡುಗಿಯ ಬಳಿ ಕಳಿಸಿದರು. ಅವಳು ಹೊಸಬಳು, ನಗುಮುಖದವಳು, ಇವರ ಹಿಂದಿನದೇನೂ ಅವಳಿಗೆ ಗೊತ್ತಿರಲಿಲ್ಲ.

"ಸಾರ್, ನೀವು ದಿನಾ ಮುಷ್ಟಿ ಕಟ್ಟಬೇಕು. ಬೆರಳು ಅಂಗೈ ಮುಟ್ಟೋವರೆಗೆ ಬಿಡ್ಬಾರ್ದು. ಮೇಡಂ, ನೀವು ದಿನಾ ಬಾಯಿ ತೆಗೀಬೇಕು. ಐಸ್‌ಕ್ರೀಮ್ ಕಡ್ಡಿ ಇರತ್ತಲ್ಲ, ಅದನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಕೊಳ್ಳಿ, ಒಂದೊಂದೇ ಜಾಸ್ತಿ ಮಾಡ್ಕೊಂಡ್ ಹೋಗಿ. ನಿಮ್ಮದೇ ಮೂರು ಬೆರಳು ಬಾಯೊಳಗೆ ಹಿಡಿದ್ರೆ ಸರಿಯಾಯ್ತು ಅಂತ. ಇಬ್ರೂ ಎದುರುಬದುರು ಕೂತು ಮಾಡಿ. ಬೇಜಾರಾಗಲ್ಲ."

ಮನೆ ಚಿಕ್ಕದು. ಎದುರುಬದುರು ಕೂರದೆ ಬೇರೆ ಜಾಗವೂ ಇರಲಿಲ್ಲ. ಬೆಳಿಗ್ಗೆ ಎಳೆಬಿಸಿಲು ಬೀಳುವ ಜಗಲಿಯ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು. ಸುಬ್ಬಲಕ್ಷ್ಮಮ್ಮ ಬಿಸಿನೀರು ಕಾಯಿಸಿ ಮಗನ ಕೈ ಅದ್ದಿಸಿ, ಹಳೆ ಸೀರೆಯ ಚೆಂಡು ಮಾಡಿ ಹಿಡಿಸಿ, "ಒತ್ತು ಕಂದ, ಇನ್ನೊಂಚೂರು, ಇನ್ನೊಂಚೂರು," ಎನ್ನುತ್ತಿದ್ದರು. ವಾಸಂತಿ ಬಾಯಲ್ಲಿ ಕಡ್ಡಿಗಳನ್ನಿಟ್ಟುಕೊಂಡು ಜೊಲ್ಲು ಒರೆಸಿಕೊಳ್ಳುತ್ತ ರಸ್ತೆಯ ಕಡೆ ನೋಡುತ್ತಿದ್ದಳು. ನಡುವೆ ಅವನು ನೋವಿಗೆ ಕೈ ಹೊರಗೆಳೆದುಕೊಂಡರೆ ಅವಳೇ ಎದ್ದು ಹೋಗಿ ನೀರು ಬದಲಿಸಿ ಕೊಡುತ್ತಿದ್ದಳು.

ಅವಳು ಕೆಲಸಕ್ಕೆ ಮರಳಿದಳು. ಅವನ ಸಂಬಳ ನಿಂತಿದ್ದರಿಂದ ಈ ಸಲ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಆರು ಮೇಜಿನ ಉಸ್ತುವಾರಿ ಅಷ್ಟರಲ್ಲಿ ಇನ್ನೊಬ್ಬಳಿಗೆ ಹೋಗಿತ್ತು. ಮಾತು ಬರುತ್ತಿತ್ತು ಈಗ, ಸ್ವಲ್ಪ ಅದುಮಿದ ಹಾಗೆ. "ನಾನು ಕಚ್ಚಲಿಲ್ಲ," ಎಂದು ಒಬ್ಬಿಬ್ಬರಿಗೆ ಹೇಳಿಯೂ ನೋಡಿದಳು. "ಹೋಗ್ಲಿ ಬಿಡೇ, ಆಗಿದ್ದಾಯ್ತು," ಎಂದು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು.

ಯುಗಾದಿಗೆ ಇನ್ನೂ ಕೆಲವು ದಿನಗಳಿದ್ದವು. ಒಂದು ಬೆಳಿಗ್ಗೆ ಸುಬ್ಬಲಕ್ಷ್ಮಮ್ಮ ಇಡೀ ವಠಾರಕ್ಕೆ ಕೇಳುವ ಹಾಗೆ ಕೂಗಿದರು. ನಾವೆಲ್ಲ ಹೊರಗೆ ಬಂದೆವು. ರಾಮಪ್ರಸಾದ ಜಗಲಿಯ ಮೇಲೆ ನಿಂತಿದ್ದ. ಬಲಗೈ ಪೂರ್ತಿ ಮುಚ್ಚಿತ್ತು. ನಡುಬೆರಳಿನ ಗೆಣ್ಣು ತುಸು ತಗ್ಗಾಗಿದ್ದದ್ದು ಬಿಟ್ಟರೆ, ಕಟ್ಟಿದ ಮುಷ್ಟಿಯಲ್ಲಿ ಒಂದು ಊನವೂ ಇರಲಿಲ್ಲ. ಅವನ ಕಣ್ಣು ತುಂಬಿತ್ತು. ಅಷ್ಟು ತಿಂಗಳಲ್ಲಿ ಅವನ ಮುಖದಲ್ಲಿ ಸಂತೋಷ ಕಂಡದ್ದು ಅಂದೇ. ಅದನ್ನು ಎಲ್ಲರಿಗಿಂತ ಮೊದಲು ಹೆಂಡತಿಗೆ ತೋರಿಸಬೇಕೆನ್ನಿಸಿತೋ ಏನೋ, ತಿರುಗಿ ಮುಷ್ಟಿಯನ್ನು ಅವಳ ಮುಖದ ಮುಂದೆ ಹಿಡಿದ.

"ನೋಡೇ!"

ವಾಸಂತಿ ಗೋಡೆಗೆ ಅಂಟಿಕೊಂಡಳು. ಬಾಯಿಂದ ಕಡ್ಡಿಗಳು ಕೆಳಗೆ ಚೆಲ್ಲಿದವು.

"ಏನಾಯ್ತೇ? ತೋರಿಸ್ತಿದ್ದೀನಿ ಅಷ್ಟೇ," ಎಂದ ಅವನು. ಅವನಿಗೆ ನಿಜವಾಗಿಯೂ ಬೇಸರವಾದಂತಿತ್ತು.

"ಒಳ್ಳೇ ಗಳಿಗೇಲಿ ಇವಳದ್ದೊಂದು," ಎಂದು ಸುಬ್ಬಲಕ್ಷ್ಮಮ್ಮ ಒಳಗೆ ಹೋಗಿ ಒಲೆ ಹಚ್ಚಿದರು. ಮಧ್ಯಾಹ್ನ ಶಾವಿಗೆ ಪಾಯಸವಾಯಿತು. ಮನೆಮನೆಗೂ ಲೋಟ ಬಂತು, ಅನುಸೂಯಮ್ಮನ ಮನೆಗೂ. ರಾಮಪ್ರಸಾದ ತನ್ನ ಲೋಟವನ್ನು ಬಲಗೈಯಲ್ಲೇ ಹಿಡಿದು ಕುಡಿದ. ವಾಸಂತಿಗೂ ಬಡಿಸಿದರು. ಅವಳ ಬಾಯಿ ಆಗ ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಪಾಯಸಕ್ಕೆ ಅಷ್ಟು ಸಾಕಾಗಿತ್ತು.